ಹರಾಜಿನ್ಯಾಗ ಹಳೇ ಸಾಗವಾನಿ ಕುರ್ಚಿ, ಹಳೇ ಇಳಕಲ್ ಸೀರಿ: ಸವಾಲು ಎಲ್ಲಿಗೆ ನಿಲ್ಲಿಸಬೇಕು?

ಟಿಳಕವಾಡಿ_ಕುಂದಾ
ಎಲ್ಲಾರಿಗೂ ನಮಸ್ಕಾರ್ರಿ. ಮುಂಬೈಯ ಒಂದು ಹರಾಜು ಕಂಪನಿಯ ಆನ್‌ಲೈನ್ ಸವಾಲು ಮುಂದಿನ ವಾರ ಐತಿ. ಎರಡು ಲಾಟಿನ (ಒಟ್ಟಿಗೆ ಹರಾಜಿಗಿಟ್ಟ ಮಾಲಿನ) ಮ್ಯಾಲೆ ಕಣ್ಣು ಬಿದ್ದೈತಿ.

ಲಾಟ್ ಒಂದು: ಸಾಗವಾನಿ ಕುರ್ಚಿ ಎರಡು, ಬೆತ್ತದ ಹೆಣಿಗಿ, ಕಾಲು ಬುಡಮೇಲು ಮಾಡಿದ ‘ವಿ’ ಅಕ್ಷರದಂಗ. ‘ಪಿಯರ್ ಜಾನ್ನೆರೆ ಶೈಲಿ, ಚಂಡೀಗಢ’ ಅಂತ ಕ್ಯಾಟಲಾಗಿನ್ಯಾಗ ಬರದಾರ. ಎರಡೂ ಸೇರಿ ಅಂದಾಜು 40,000ದಿಂದ 60,000.

ಲಾಟ್ ಎರಡು: ಬಟ್ಟಿ ಗಂಟು. ಇಳಕಲ್ ಸೀರಿ ನಾಕು, ಗುಳೇದಗುಡ್ಡ ಖಣ ಆರು ತುಂಡು, 1960ರ ದಶಕದ್ದು ಅಂತ ಹೇಳಿರೋ ವಿದೇಶಿ ಫ್ರಾಕ್ ಒಂದು. ಅಂದಾಜು 12,000ದಿಂದ 18,000.

ಮುಂಬೈಗೆ ಹೋಗಿ ಕಣ್ಣಾರೆ ನೋಡೋದು ಆಗೂದಿಲ್ಲ. ಏನೇನು ಕೇಳಬೇಕು, ಎಷ್ಟಕ್ಕ ನಿಲ್ಲಿಸಬೇಕು? ಕುರ್ಚಿಗೆ ಮನಿ ಬಾಗಿಲಿಗೆ ಬರೂತನ 45,000 ದಾಟಬಾರದು ಅನ್ನೋದು ನನ್ನ ಲೆಕ್ಕ.

ಖಡೇಬಜಾರ್
45,000 ಮನಿ ಬಾಗಿಲಿಗೆ ಅಂದ್ರ ಹರಾಜಿನ್ಯಾಗ 45,000 ಕೂಗೋದಲ್ರಿ ಮತ್ತ. ಸುತ್ತಿಗಿ ಬಿದ್ದ ಬೆಲಿ ಅಂದ್ರ ಹ್ಯಾಮರ್ ಬೆಲಿ. ಅದರ ಮ್ಯಾಲೆ ಬೈಯರ್ಸ್ ಪ್ರೀಮಿಯಂ ಅಂತ ಕಂಪನಿ ಕಮಿಷನ್ ಬೀಳ್ತೈತಿ. ಕಂಪನಿಗೆ ತಕ್ಕಂಗ ಬದಲಾಗ್ತೈತಿ, ಸಾಮಾನ್ಯವಾಗಿ 20%ದ ಆಸುಪಾಸು ಇಲ್ಲಾ ಅದಕ್ಕೂ ಮ್ಯಾಲೆ. ಬ್ಯಾರೆ ವೆಬ್‌ಸೈಟ್ ಮುಖಾಂತರ ಸವಾಲು ಕೂಗಿದ್ರ ಇನ್ನೊಂದು 3ರಿಂದ 5%.

20% ಅಂತ ಹಿಡೀರಿ. ಹ್ಯಾಮರ್ 40,000, ಪ್ರೀಮಿಯಂ 8,000, ಪ್ರೀಮಿಯಂ ಮ್ಯಾಲೆ 18% ಜಿಎಸ್‌ಟಿ 1,440. ಆತು 49,440. ಇನ್ನ ಪ್ಯಾಕಿಂಗ್, ಲಾರಿ, ಬೆತ್ತ ಹೆಣಿಸೋದು ಬ್ಯಾರೆ.

ಕಾನೂನು_ಕಾಕಾ
ಖಡೇಬಜಾರ್ ಅವರೇ, ಲೆಕ್ಕದಲ್ಲಿ ಒಂದು ತಪ್ಪಿದೆ. ಜಿಎಸ್‌ಟಿ ಪ್ರೀಮಿಯಂ ಮೇಲೆ ಮಾತ್ರ ಅಂತ ಊಹಿಸಬೇಡಿ. ಎಷ್ಟೋ ಕಂಪನಿಗಳು ಹ್ಯಾಮರ್ ಬೆಲೆ ಮತ್ತು ಪ್ರೀಮಿಯಂ ಎರಡನ್ನೂ ಕೂಡಿಸಿ, ಒಟ್ಟು ಮೊತ್ತದ ಮೇಲೆ ಹಾಕುತ್ತವೆ. ಆಗ 48,000ದ ಮೇಲೆ 18% ಅಂದರೆ 8,640, ಒಟ್ಟು 56,640. ನಿಮ್ಮ ಲೆಕ್ಕಕ್ಕೂ ಇದಕ್ಕೂ 7,200 ವ್ಯತ್ಯಾಸ. ಬಟ್ಟೆಗೆ ದರ ಬೇರೆ, ಕುರ್ಚಿಗೆ ಬೇರೆ. ಮಾರುವವರು ವ್ಯಾಪಾರಿಯೋ ಮನೆಯವರೋ ಎಂಬುದರ ಮೇಲೂ ಬದಲಾಗುತ್ತದೆ. ‘ಈ ಲಾಟಿಗೆ ಒಟ್ಟು ಬಿಲ್ಲು ಹೇಗೆ ಕಟ್ಟುತ್ತೀರಿ?’ ಅಂತ ಇ-ಮೇಲ್‌ನಲ್ಲಿ ಕೇಳಿ, ಉತ್ತರ ಇಟ್ಟುಕೊಳ್ಳಿ. ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ.

ಖಡೇಬಜಾರ್
ಒಪ್ಪಿದೆ ಕಾಕಾ. ಹಂಗಾದ್ರ ಹಿಂದಿನಿಂದ ಲೆಕ್ಕ ಹಾಕೋದೇ ಚಲೋ. ಕೆಟ್ಟ ಪರಿಸ್ಥಿತಿ ಹಿಡೀರಿ: 1.2 ಗುಣಿಲೆ 1.18 ಅಂದ್ರ 1.416. ಪ್ಯಾಕಿಂಗ್ 3,500, ಬೆಳಗಾವಿ ತನಕ ಲಾರಿ 4,000, ಬೆತ್ತ ಕುರ್ಚಿಗೆ 2,800ರಂಗ ಎರಡಕ್ಕ 5,600. ಇವು ಉದಾಹರಣೆಗೆ ಹಿಡಿದ ಅಂಕಿ, ನೀವು ವಿಚಾರಿಸಿ ನಿಮ್ಮ ಅಂಕಿ ಹಾಕ್ಕೋರಿ. ಕೂಡಿದ್ರ 13,100. 45,000ದಾಗ ಅದನ್ನ ಕಳೀರಿ, 31,900 ಉಳೀತು. 1.416ರಿಂದ ಭಾಗಿಸ್ರಿ: 22,500ರ ಹತ್ರ ಬರ್ತೈತಿ. ನಿಮ್ಮ ಸವಾಲು ಅಲ್ಲಿಗೆ ಮುಗೀತು.

ಗುಮ್ಮಟದ_ಏಳನೇ_ದನಿ
ಅಂದಾಜಿನ ಕೆಳಗಿನ ತುದಿನೇ 40,000. ಅಂದ್ರ ಕುಂದಾ ಅವರು ಸವಾಲು ಕೂಗೂಕ್ಕಿಂತ ಮೊದಲೇ ಸೋತ್ರು 😄

ಖಡೇಬಜಾರ್
ಹಂಗೇನಿಲ್ಲ. ರಿಸರ್ವ್ ಅಂದ್ರ ಮಾರೋರು ಒಪ್ಪಿದ ಕಡಿಮಿ ಬೆಲಿ, ಅದು ಗುಟ್ಟು. ಆದ್ರ ರೂಢಿ ಪ್ರಕಾರ ಅದು ಅಂದಾಜಿನ ಕೆಳಗಿನ ತುದಿ ದಾಟೂದಿಲ್ಲ, ಕೆಳಗೂ ಇರಬಹುದು. ಯಾರೂ ಕೈ ಎತ್ತಲಿಲ್ಲ ಅಂದ್ರ ಲಾಟ್ ಮಾರಾಟ ಆಗದ ಉಳೀತೈತಿ. ಆಮ್ಯಾಲೆ ಫೋನ್ ಮಾಡಿ ‘ಇಷ್ಟಕ್ಕ ಕೊಡ್ತೀರೇನು’ ಅಂತ ಕೇಳಬಹುದು, ಕೇಳಾಕ ನಾಚಿಕಿ ಬ್ಯಾಡ.

ಒರಲಿಹುಳ
ಬೆಲಿ ಆಮ್ಯಾಲೆ. ಮೊದಲು ‘ಶೈಲಿ’ ಅನ್ನೋ ಶಬ್ದ ನೋಡ್ರಿ. ಕ್ಯಾಟಲಾಗಿನ್ಯಾಗ ಶಬ್ದಕ್ಕ ತೂಕ ಐತಿ. ಬರೇ ‘ಪಿಯರ್ ಜಾನ್ನೆರೆ’ ಅಂತ ಇದ್ರ ಕಂಪನಿ ಅದರ ಜವಾಬ್ದಾರಿ ಹೊತ್ತಂಗ. ‘ಅಟ್ರಿಬ್ಯೂಟೆಡ್ ಟು’ ಅಂದ್ರ ನಮ್ಮ ಅಭಿಪ್ರಾಯಕ್ಕ ಹಂಗ ಕಾಣ್ತೈತಿ ಅಂತ. ‘ಶೈಲಿ’ ಅಂದ್ರ ಯಾವಾಗ, ಯಾರು ಮಾಡಿದ್ರು ಅಂತ ಯಾವ ಮಾತೂ ಕೊಟ್ಟಿಲ್ಲ. ಹೋದ ವರ್ಷ ಮಾಡಿದ್ದೂ ಇರಬಹುದು. ‘ಎ.ಎಫ್.’ ಅಂತ ಎರಡಕ್ಷರ ಕಂಡ್ರ ಏನೋ ಮುರದೈತಿ, ಕೇಳಬ್ಯಾಡ್ರಿ ಅಂತ ಅರ್ಥ.

ಜಾನ್ನೆರೆ ಅಂದ್ರ ಚಂಡೀಗಢದ ನಕ್ಷೆ ಹಾಕಿದ ವಾಸ್ತುಶಿಲ್ಪಿ ಲ ಕಾರ್ಬ್ಯೂಸಿಯೇನ ಕಸಿನ್, ತಾನೂ ವಾಸ್ತುಶಿಲ್ಪಿ. 1951ರಿಂದ 1965ರ ತನಕ ಚಂಡೀಗಢದಾಗ ಕೆಲಸ ಮಾಡಿದ. ಕಚೇರಿ, ಕೋರ್ಟು, ಕಾಲೇಜಿಗೆ ಅಂತ ಸಾವಿರಾರು ಕುರ್ಚಿ ಬ್ಯಾರೆ ಬ್ಯಾರೆ ಬಡಿಗ್ಯಾರ ಕಡಿಂದ ಮಾಡಿಸಿದ್ರು. ಹಂಗಾಗಿ ಅಸಲಿ ಕುರ್ಚಿನೂ ಒಂದರಂಗ ಒಂದಿರೂದಿಲ್ಲ. ಅಳತಿ ಅರ್ಧ ಇಂಚು ಹೆಚ್ಚುಕಡಿಮಿ ಆತು ಅಂತ ನಕಲಿ ಅನ್ನಾಕ ಬರೂದಿಲ್ಲ.

ಬನಶಂಕರಿ_ಜಾತ್ರಿ
ಹಿಂದಿನ ಪಟ್ಟಿ ಮ್ಯಾಲೆ ಬಿಳಿ ಬಣ್ಣದಾಗ ಇಲಾಖಾ ನಂಬರ್ ಬರದಿರ್ತಾರ. ಅದಿದ್ರ ಅಸಲಿ, ಮುಗೀತು.

ಒರಲಿಹುಳ
ಮುಗಿಯೂದಿಲ್ಲಪಾ. ಬಣ್ಣದ ಡಬ್ಬಿ, ಸಣ್ಣ ಬ್ರಶ್ ಇದ್ರ ನಂಬರ್ ಯಾರ ಬೇಕಾದ್ರೂ ಬರೀತಾರ. ನೋಡಬೇಕಾದ್ದು ನಂಬರ್ ಪಾಲಿಶಿನ ಮ್ಯಾಲೈತೋ ಕೆಳಗೈತೋ, ಎಲ್ಲಿ ಸವದೈತಿ ಅನ್ನೋದು. ಐವತ್ತು ವರ್ಷ ಗ್ವಾಡಿಗಿ ತಾಗಿದ ಕುರ್ಚಿಯ ಹಿಂದಿನ ಪಟ್ಟಿ ತುದಿಯೊಳಗ ಸವದಿರ್ತೈತಿ, ಹಂಗಾಗಿ ತುದಿಯ ಅಕ್ಷರ ಅಳಿಸಿರಬೇಕು. ಪಟ್ಟಿ ಸವದೈತಿ, ಅಕ್ಷರ ಮಾತ್ರ ಪೂರಾ ಐತಿ ಅಂದ್ರ ಅಕ್ಷರ ಆಮ್ಯಾಲೆ ಬಂದದ್ದು.

ಕುಂದಾ ಅವರ, ಈ ಫೋಟೋ ಕೇಳ್ರಿ. ಕುರ್ಚಿ ತಲೆಕೆಳಗ ಮಾಡಿ ತಳದ್ದು. ನಾಕೂ ಕಾಲಿನ ತುದಿ ಹತ್ರದಿಂದ. ಕೈ ಇಡೋ ಪಟ್ಟಿ ಮ್ಯಾಲಿಂದ ಮತ್ತು ಕೆಳಗಿಂದ. ಬೆತ್ತ ಚೌಕಟ್ಟಿಗೆ ಕೂಡೋ ಜಾಗ. ಎಲ್ಲಾ ಸ್ಕ್ರೂ.

ಸ್ಕ್ರೂ ಯಾಕಂದ್ರ, 1950ರ ದಶಕದ ಸರಕಾರಿ ಕುರ್ಚಿಯೊಳಗ ಮೈನಸ್ ಸ್ಕ್ರೂ ಇರಬೇಕು. ಪ್ಲಸ್ ಸ್ಕ್ರೂ ಕಂಡ್ರ ಒಂದೋ ರಿಪೇರಿ, ಇಲ್ಲಾ ಹೊಸಾದು. ಒಂದೆರಡು ಪ್ಲಸ್ ಇದ್ರ ರಿಪೇರಿ ಅನ್ನಬಹುದು, ಎಲ್ಲಾ ಪ್ಲಸ್ ಇದ್ರ ಕೈ ಮುಗೀರಿ. ತಳದ ಕಟ್ಟಿಗಿ ಬಿಸಿಲು ಗಾಳಿ ಕಂಡು ಬೂದು-ಕಂದು ಆಗಿರ್ತೈತಿ, ಮಾಸಿದ್ದು ಜಾಗಕ್ಕೊಂದು ನಮೂನಿ ಇರ್ತೈತಿ. ತಳಕ್ಕೂ ಮ್ಯಾಲಿನ ಬಣ್ಣನೇ ಒಂದ ಸಮ ಬಳದಿದ್ರ ಏನೋ ಮುಚ್ಚಿಟ್ಟಾರ.

ಮಲಪ್ರಭಾ_ದಂಡಿ
ಬೆತ್ತ ಹೊಸಾದಿದ್ರ ನಕಲಿನಾ?

ಒರಲಿಹುಳ
ಇಲ್ರಿ ಅಕ್ಕಾರ, ಉಲ್ಟಾ. ದಿನಾ ಬಳಸಿದ ಕುರ್ಚಿಯ ಬೆತ್ತ ಎರಡು-ಮೂರು ಸಲ ಆದ್ರೂ ಬದಲಾಗಿರ್ತೈತಿ. 70 ವರ್ಷದ ಕುರ್ಚಿಗೆ ಒಂದೂ ಎಳಿ ಹರಿಯದ ಹಳೇ ಬಣ್ಣದ ಬೆತ್ತ ಐತಿ ಅಂದ್ರ ಚಹಾ ನೀರಾಗ ಅದ್ದಿದ ಹೊಸ ಬೆತ್ತ ಇರಬಹುದು ಅಂತ ಅನುಮಾನ ಪಡ್ರಿ.

ಬೆತ್ತ ಹೆಂಗ ಕೂಡಿಸ್ಯಾರ ಅಂತ ನೋಡ್ರಿ. ಚೌಕಟ್ಟಿಗೆ ಸಾಲಾಗಿ ತೂತು ಹೊಡದು, ಒಂದೊಂದೇ ಎಳಿ ತೂರಿಸಿ ಕೈಲೇ ಹೆಣದದ್ದು ಒಂದು ಪದ್ಧತಿ. ಮಷಿನ್‌ನಾಗ ಹೆಣದ ಬೆತ್ತದ ಹಾಳಿ ತಂದು, ಚೌಕಟ್ಟಿನ ಗಾಡಿಯೊಳಗ (ಉದ್ದಕ್ಕ ಕೊರದ ಸಣ್ಣ ಕಾಲುವಿಯೊಳಗ) ಒತ್ತಿ ಮ್ಯಾಲೆ ಬೆತ್ತದ ಪಟ್ಟಿ ಬಡಿಯೋದು ಇನ್ನೊಂದು. ತೂತಿನ ಜಾಗದಾಗ ಗಾಡಿ ಕಂಡ್ರ ಅದು ಅಗ್ಗದ ನಕಲು.

ಬೆಳಗಾವಿಯೊಳಗ ಹೆಣಿಸ್ತೀರಿ ಅಂದ್ರ ಎಳಿ 2ರಿಂದ 2.5 ಮಿಲಿಮೀಟರ್ ಅಗಲದ್ದು ಕೇಳ್ರಿ. 20-30 ನಿಮಿಷ ನೀರಾಗ ನೆನಸಿದ್ರ ಸಾಕು, ರಾತ್ರಿಯಿಡೀ ನೆನಸಿದ್ರ ಎಳಿ ಕಪ್ಪಾಗಿ ಸತ್ವ ಹೋಗ್ತೈತಿ. ಹಸಿ ಇದ್ದಾಗ ಡೊಳ್ಳಿನಂಗ ಬಿಗಿಬ್ಯಾಡ್ರಿ. ಒಣಗಿದ ಮ್ಯಾಲೆ ತಾನಾಗೇ ಬಿಗೀತೈತಿ. ಮೊದಲೇ ಬಿಗಿದಿದ್ರ ತೂತಿನ ಅಂಚಿಗೆ ಕತ್ತರಿಸಿದಂಗ ಹರೀತೈತಿ, ಹಳೇ ಚೌಕಟ್ಟಿದ್ರ ತೂತಿನಿಂದ ತೂತಿಗೆ ಸೀಳೂ ಬಿಡಬಹುದು.

ಕಾನೂನು_ಕಾಕಾ
ಅಸಲಿ ಚಂಡೀಗಢ ಕುರ್ಚಿ ಅಂತ ಯಾರಾದರೂ ಮಾರಿದರೆ ಕಾಗದ ಕೇಳಲೇಬೇಕು. ಗುಜರಿ ಎಂದು ಸರಕಾರಿ ಹರಾಜಿನಲ್ಲಿ ಹೋದ ಕುರ್ಚಿಗಳೇ ಪ್ಯಾರಿಸ್, ಲಂಡನ್, ನ್ಯೂಯಾರ್ಕ್ ಹರಾಜುಗಳಲ್ಲಿ ಲಕ್ಷಗಟ್ಟಲೆ ಬೆಲೆಗೆ ಕಾಣಿಸಿಕೊಂಡ ಮೇಲೆ, 2011ರಲ್ಲಿ ಕೇಂದ್ರ ಗೃಹ ಸಚಿವಾಲಯ ಆ ಪಾರಂಪರಿಕ ಪೀಠೋಪಕರಣಗಳ ಮಾರಾಟಕ್ಕೆ ತಡೆ ಹಾಕಿತು. ಅದಕ್ಕೂ ಮುಂಚೆ ಇಲಾಖೆ ಹರಾಜು ಹಾಕಿದ್ದರ ರಸೀದಿ ಇದ್ದರೆ ಸರಿ. ರಸೀದಿ ಇಲ್ಲದ ಅಸಲಿ ಕುರ್ಚಿಗಿಂತ ರಸೀದಿ ಇರುವ ನಕಲಿಯೇ ವಾಸಿ, ನಿದ್ದೆಗೆಡಿಸುವುದಿಲ್ಲ.

ಪುರಾತನ ವಸ್ತು ಕಾಯ್ದೆ 1972ರದು. ನೂರು ವರ್ಷ ದಾಟಿದ ಕಲೆ, ಕುಶಲಕೆಲಸದ ವಸ್ತುಗಳಿಗೆ ಅದು ಅನ್ವಯ. ಅಂಥವನ್ನು ದೇಶದಾಚೆ ಕಳಿಸುವಂತಿಲ್ಲ. ‘ಇಪ್ಪತ್ತನೇ ಶತಮಾನದ್ದು, ನಮಗೆ ಸಂಬಂಧವಿಲ್ಲ’ ಅಂತ ಹೇಳುವ ಹಾಗಿಲ್ಲ, ಶತಮಾನದ ಮೊದಲ ಕಾಲು ಭಾಗದ ವಸ್ತುಗಳಿಗೆ ಈಗಾಗಲೇ ನೂರು ತುಂಬಿದೆ. ಬೀಟೆ ಮರದ ಸಾಮಾನಿಗೆ ರಫ್ತಿನ ಹೊತ್ತಿಗೆ ಸೈಟಿಸ್ (ಅಳಿವಿನಂಚಿನ ಪ್ರಾಣಿ, ಸಸ್ಯಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಕಾಗದವೂ ಬೇಕಾಗಬಹುದು. ಆನೆದಂತ, ಆಮೆಚಿಪ್ಪು, ಶಾತೂಷ್ ಶಾಲು ಕಂಡರೆ ಆ ಲಾಟಿನ ಕಡೆ ತಿರುಗಿಯೂ ನೋಡಬೇಡಿ, ವನ್ಯಜೀವಿ ಕಾಯ್ದೆ ಇದೆ.

ಬನಶಂಕರಿ_ಜಾತ್ರಿ
ಚಂಡೀಗಢ ಯಾಕ ಬೇಕ್ರಿ? ನಮ್ಮ ಬೆಳಗಾವಿ, ಬಾಗಲಕೋಟಿ, ವಿಜಯಪುರ ಮೂರೂ ಜಿಲ್ಲಾದ ಸರಕಾರಿ ಕಚೇರಿಗಳ ಗೋದಾಮಿನ್ಯಾಗ ಎಂಥೆಂಥಾ ಸಾಗವಾನಿ ಮೇಜು, ಕುರ್ಚಿ ಬಿದ್ದಾವು. ಅವೂ ಹರಾಜಿಗೆ ಬರ್ತಾವು. ಎಂಎಸ್‌ಟಿಸಿ ಅನ್ನೋ ಸರಕಾರಿ ಕಂಪನಿಯ ಇ-ಹರಾಜಿನ್ಯಾಗ ನೋಂದಣಿ ಮಾಡಿ ಇಟ್ಕೋರಿ, ಇಲ್ಲಾ ಕಚೇರಿ ನೋಟಿಸ್ ಬೋರ್ಡ್ ನೋಡ್ಕೊಂತ ಇರ್ರಿ.

ಖಡೇಬಜಾರ್
ಬರ್ತಾವು, ಆದ್ರ ಪೂರಾ ಗುಡ್ಡಿ ಒಂದೇ ಲಾಟ್ ಮಾಡಿರ್ತಾರ. ಒಂದು ಚಲೋ ಕುರ್ಚಿ ಸಲುವಾಗಿ ಮುರದ ಕಬ್ಬಿಣದ ರ‍್ಯಾಕ್, ಸತ್ತ ಫ್ಯಾನು ಎಲ್ಲಾ ಎತ್ತಬೇಕು. ಇಎಂಡಿ ಅಂತ ಮುಂಗಡ ಠೇವಣಿ ಕಟ್ಟಬೇಕು. ಮಾಲು ‘ಇದ್ದಲ್ಲಿ, ಇದ್ದಂಗ’. ಆಮ್ಯಾಲೆ ತಕರಾರು ನಡಿಯೂದಿಲ್ಲ. ಹೇಳಿದ ದಿನದೊಳಗ ಎತ್ತಲಿಲ್ಲ ಅಂದ್ರ ಜಾಗದ ಬಾಡಗಿ, ಆಮ್ಯಾಲೆ ಠೇವಣಿನೂ ಹೋತು. ಅದಕ್ಕ ಗುಜರಿಯವರ ಜೋಡಿ ಮೊದಲೇ ಮಾತಾಡ್ಕೋರಿ: ಕಬ್ಬಿಣ ನಿಮಗ, ಕಟ್ಟಿಗಿ ನಮಗ. ಕಬ್ಬಿಣ ಕಿಲೋ ಲೆಕ್ಕದಾಗ ಹೋದ್ರ ನಿಮ್ಮ ಕುರ್ಚಿ ಅಗ್ಗಕ್ಕ ಬೀಳ್ತೈತಿ.

ಗುಮ್ಮಟದ_ಏಳನೇ_ದನಿ
ಇರಾನಿ ಹೋಟೆಲ್ ಕುರ್ಚಿ ತಗೋರಿ ನೋಡೋಣು. ಹಗೂರ, ಅಗ್ಗ, ಚಂದ.

ಒರಲಿಹುಳ
ಅದು ಥೋನೆಟ್ ಅನ್ನೋ ವಿದೇಶಿ ಕುರ್ಚಿ ಕಂಪನಿಯ ಮಾದರಿ. ಅವರ ನಂಬರ್ 14 ಕುರ್ಚಿ 1859ರದು: ಆರು ಕಟ್ಟಿಗಿ ತುಂಡು, ಹತ್ತು ಸ್ಕ್ರೂ, ಎರಡು ನಟ್ಟು, ಅಷ್ಟ. ಬಿಚ್ಚಿ ಕಟ್ಟಿದ್ರ ಒಂದು ಘನ ಮೀಟರ್ ಪೆಟ್ಟಿಗಿಯೊಳಗ 36 ಕುರ್ಚಿ ಹಿಡೀತಿದ್ವು. ಅದರ ಮೊಮ್ಮಕ್ಕಳು ನಮ್ಮ ಹೋಟೆಲಿಗೆ ಬಂದಾವು. ಕೂಡೋ ಹಲಗಿಯ ಬಳಿಯ ಒಳಮೈಗೆ ಮುದ್ರಿ ಇಲ್ಲಾ ಕಾಗದದ ಚೀಟಿ ಐತೇನು ನೋಡ್ರಿ. ಒಂದೇ ಎಚ್ಚರಿಕಿ: ಇದು ಬೀಚ್ ಕಟ್ಟಿಗಿ, ಸಾಗವಾನಿ ಅಲ್ಲ. ಹುಳಕ್ಕ ಇದು ಹೋಳಗಿ ಇದ್ದಂಗ. ಒಂದೆರಡು ಮಿಲಿಮೀಟರ್ ತೂತು ಕಂಡ್ರ ಗಾಬರಿ ಬ್ಯಾಡ, ಹುಳ ಹೊರಗ ಹೋದ ಬಾಗಿಲದು. ಕರಿ ಕಾಗದದ ಮ್ಯಾಲೆ ಕುರ್ಚಿ ಇಟ್ಟು ಬಡೀರಿ. ಗ್ವಾದಿ ಹಿಟ್ಟಿನಂಥಾ ಹೊಸ ಪುಡಿ ಉದುರಿದ್ರ ಒಳಗ ಇನ್ನೂ ಸಂಸಾರ ನಡದೈತಿ. ಸಿರಿಂಜಿನ್ಯಾಗ ಬೋರರ್ ಔಷಧ ಹಾಕಿ, ತೂತಿಗೆ ಮೇಣ ಒತ್ತಿ, ಪ್ಲಾಸ್ಟಿಕ್ ಸುತ್ತಿ ಹತ್ತು ದಿನ ಬ್ಯಾರೆ ಇಡ್ರಿ.

ಪಾಲಿಶ್ ಬಗ್ಗೆನೂ ಹೇಳಿ ಬಿಡ್ತೇನಿ. ಕಾಣದ ಜಾಗದಾಗ ಹತ್ತಿಯೊಳಗ ಸ್ಪಿರಿಟ್ ಒಂದು ಹನಿ ಒರಸ್ರಿ. ಅಂಟಂಟಾತು ಅಂದ್ರ ಅರಗಿನ ಪಾಲಿಶ್, ಹಳೇ ಪದ್ಧತಿದು. ಏನೂ ಆಗಲಿಲ್ಲ ಅಂದ್ರ ಪಿಯು (ಪಾಲಿಯುರೆಥೇನ್) ಇಲ್ಲಾ ಮೆಲಮೈನ್ ಪಾಲಿಶ್, ಅಂದ್ರ ಯಾರೋ ಇತ್ತೀಚಿಗೆ ಮೈ ಕೆರದಾರ. ಅರಗಿನ ಪಾಲಿಶ್ ಇದ್ರ ಪೂರಾ ಕೆರಸಬ್ಯಾಡ್ರಿ, ಒಂದು ಲೀಟರ್ ಸ್ಪಿರಿಟಿಗೆ 150 ಗ್ರಾಂ ಚಪಡಾ ಅರಗು ಕರಗಿಸಿ ತೆಳ್ಳಗ ಎರಡು ಕೈ ಹೊಡಿಸಿದ್ರ ಸಾಕು.

ಮಲಪ್ರಭಾ_ದಂಡಿ
ಮುಂಬೈ ಹವಾದಾಗಿದ್ದ ಕುರ್ಚಿ ಬಾಗಲಕೋಟಿ ಬ್ಯಾಸಗಿಗೆ ಬಂದ್ರ?

ಒರಲಿಹುಳ
ಕೀಲು ಸಡಲ್ತಾವು. ತೇವದಾಗ ಉಬ್ಬಿದ ಕಟ್ಟಿಗಿ ಒಣ ಹವಾದಾಗ ಸಣ್ಣಾಗ್ತೈತಿ. ಬಂದ ಮ್ಯಾಲೆ ಎರಡು-ಮೂರು ವಾರ ನಡಮನಿಯೊಳಗ ಬಿಡ್ರಿ, ಫ್ಯಾನ್ ಕೆಳಗ, ಕಿಡಕಿ ಬಿಸಿಲಿಗೆ ಬ್ಯಾಡ. ಆಮ್ಯಾಲೆ ಅಲುಗಿದ್ದನ್ನ ಬಿಚ್ಚಿ ಅಂಟಿಸ್ರಿ. ಬಂದ ದಿನಾನೇ ಮೊಳಿ ಬಡದವರು ಕುರ್ಚಿ ಕೆಡಿಸಿದಂಗ.

ಟಿಳಕವಾಡಿ_ಕುಂದಾ
ಕುರ್ಚಿ ತಿಳೀತು. ಬಟ್ಟಿ ಗಂಟಿನ ಬಗ್ಗೆ ಯಾರೂ ಮಾತಾಡವಲ್ರಿ?

ಟೋಪತೆನಿ
ನಾ ಕಾಯ್ಕೊಂತ ಕುಂತಿದ್ದೆ. ಇಳಕಲ್ ಸೀರಿಯ ಪ್ರಾಣ ಇರೋದು ಸೆರಗು ಕೂಡೋ ಗೆರಿಯೊಳಗ. ಒಡಲಿನ ಹಾಸು (ಉದ್ದಕ್ಕ ಹಾಯೋ ಎಳಿ) ಬ್ಯಾರೆ, ಸೆರಗಿನ ಹಾಸು ಬ್ಯಾರೆ. ಒಡಲಿಗೆ ಹತ್ತಿ, ಸೆರಗಿಗೆ ರೇಷ್ಮಿ. ಎರಡೂ ಹಾಸಿನ ಎಳಿಗಳನ್ನ ಒಂದಕ್ಕೊಂದು ಕುಣಿಕಿ ಹಾಕಿ ಕೂಡಿಸಿ ಆಮ್ಯಾಲೆ ನೇಯ್ತಾರ. ಅದಕ್ಕ ಟೋಪ ತೆನಿ ಅಂತಾರ. ಕುಣಿಕಿ ಸೀರಿಗೊಮ್ಮಿ ಬರ್ತೈತಿ ಅಂತ ಹಾಸನ್ನೂ ಒಂದೊಂದು ಸೀರಿ ಲೆಕ್ಕದಾಗ, ಆರು, ಎಂಟು, ಒಂಬತ್ತು ವಾರದಂಗ ತಯಾರು ಮಾಡ್ತಾರ.

ಆ ಗೆರಿಯ ಹಿಂಬದಿಯ ಹತ್ರದ ಫೋಟೋ ಕೇಳ್ರಿ. ಅಸಲಿ ಇದ್ರ ಸಾಸವಿ ಕಾಳಿಗಿಂತ ಸಣ್ಣ ಕುಣಿಕಿಗಳ ಸಾಲು, ದಡಿಯಿಂದ ದಡಿತನ ಒಂದೂ ಬಿಡದಂಗ ಕಾಣ್ತೈತಿ. ಬಟ್ಟು ಆಡಿಸಿದ್ರ ಸಣ್ಣ ಏಣಿನಂಗ ಹತ್ತತೈತಿ. ಪವರ್‌ಲೂಮಿನ ನಕಲಿನ್ಯಾಗ ಹಾಸು ಒಂದೇ. ಹೊಕ್ಕಿನ (ಅಡ್ಡ ಎಳಿಯ) ಬಣ್ಣ ಬದಲಿಸಿ ಕೆಂಪು ಸೆರಗು ಮಾಡಿರ್ತಾರ, ಗೆರಿ ಇರೂದಿಲ್ಲ. ಅಲ್ಲಿ ಒಡಲಿನ ಹಾಸಿನ ಬಣ್ಣ ಸೆರಗಿನ್ಯಾಗೂ ಹಣಕಿ ಹಾಕ್ತಿರ್ತೈತಿ, ಹಂಗಾಗಿ ಕೆಂಪು ಮಂಕಾಗಿ ಕಾಣ್ತೈತಿ. ಮೂರನೇದು ಒಂದೈತಿ: ಹರದ ಒಡಲಿನಿಂದ ಅಸಲಿ ಸೆರಗು ಕತ್ತರಿಸಿ ಬ್ಯಾರೆ ಒಡಲಿಗೆ ಹೊಲದದ್ದು. ಹಿಂದ ಹೊಲಗಿ ಮಡಿಕಿ ಕಾಣ್ತೈತಿ.

ಗೆರಿ ಐತಿ ಅಂದ್ರೂ ರೇಷ್ಮಿ ಅಂತ ಹೇಳಾಕ ಬರೂದಿಲ್ಲ. ಚಮಕಾ, ಅಂದ್ರ ಕೃತಕ ರೇಷ್ಮಿ, ಹಾಕಿನೂ ಇದೇ ಪದ್ಧತಿಲೇ ನೇಯ್ತಾರ. ಮಾರೋರು ಒಪ್ಪಿದ್ರ ಸೆರಗಿನ ತುದಿಯ ಮೂರ್ನಾಕು ಎಳಿ ಸುಟ್ಟು ನೋಡ್ಲಿ. ಕೂದಲ ಸುಟ್ಟ ವಾಸನಿ, ಬಟ್ಟಿನ್ಯಾಗ ಪುಡಿ ಆಗೋ ಕರಿ ಬೂದಿ ಅಂದ್ರ ರೇಷ್ಮಿ. ಕಾಗದ ಸುಟ್ಟಂಗ ವಾಸನಿ ಬಂದ್ರ ಚಮಕಾ. ಕರಗಿ ಗಟ್ಟಿ ಮಣಿ ಆತು ಅಂದ್ರ ಪಾಲಿಯೆಸ್ಟರ್.

ಮಲಪ್ರಭಾ_ದಂಡಿ
ಚಮಕಾ ಇದ್ರ ಹಳೇದಲ್ಲ ಅಂತನಾ?

ಟೋಪತೆನಿ
ಹಂಗ ಹೇಳಾಕ ಬರೂದಿಲ್ಲ. ಚಮಕಾ ಬಂದೂ ಭಾಳ ವರ್ಷ ಆತು. ಚಮಕಾ ಸೀರಿ ಹಳೇದೂ ಇರ್ತೈತಿ, ಚಂದನೂ ಇರ್ತೈತಿ, ರೇಷ್ಮಿ ಬೆಲಿ ಮಾತ್ರ ಕೊಡಬ್ಯಾಡ್ರಿ.

ಕಸೂತಿ ಇದ್ರ ತಿರುಗಿಸಿ ನೋಡ್ರಿ. ಗವಂತಿ, ಮುರಗಿ ಎರಡೂ ಹೊಲಿಗಿ ಎರಡೂ ಮೈಗೆ ಒಂದೇ ಥರ ಬರಬೇಕು, ಗಂಟು ಇರಬಾರದು. ನೇಯ್ಗಿ, ಮೆಂತಿ ಹೊಲಿಗಿ ಹಂಗಲ್ಲ, ಹಿಂಬದಿ ಬ್ಯಾರೆ ಕಾಣ್ತೈತಿ. ಅದಕ್ಕ ‘ಎರಡೂ ಕಡೆ ಒಂದೇ ಇಲ್ಲ, ನಕಲಿ’ ಅಂತ ಅವಸರ ಮಾಡಬ್ಯಾಡ್ರಿ. ಹಿಂದ ಬಿಳಿ ಬಾಬಿನ್ ದಾರ ಕಂಡ್ರ ಮಷಿನ್ ಕೆಲಸ, ಅದಕ್ಕ ಮಾತಿಲ್ಲ.

ಬನಶಂಕರಿ_ಜಾತ್ರಿ
ಖಣದ ಆರೂ ತುಂಡು ಬಣ್ಣ ಬಿಡ್ತಾವೇನು ನೋಡ್ರಿ. ಒದ್ದಿ ಬಿಳಿ ಹತ್ತಿ ಒತ್ತಿ ಹಿಡೀರಿ ಅಂತ ಹೇಳ್ರಿ, ಕೆಂಪು ಹತ್ತಿದ್ರ ಎಂದೂ ಬ್ಯಾರೆ ಬಟ್ಟಿ ಜೋಡಿ ಒಗೀಬ್ಯಾಡ್ರಿ.

ಅಥಣಿ_ಮೆಟ್ಟು
ಇಷ್ಟೆಲ್ಲಾ ವಿಂಟೇಜ್ ಅಂತೀರಿ, 2025ರಾಗ ಪ್ರಾಡಾದವರು ಮಿಲಾನ್‌ದಾಗ ನಮ್ಮ ಚಪ್ಪಲ್ ನಮೂನಿ ತೋರಿಸಿದ್ದಕ್ಕ ಎಲ್ಲಾರೂ ಕೊಲ್ಲಾಪುರ ಕೊಲ್ಲಾಪುರ ಅಂದ್ರು. ಆ ಚಪ್ಪಲ್‌ನ ಜಿಐ (ಊರಿನ ಹೆಸರಿನ ಹಕ್ಕು ಕೊಡೋ ಭೌಗೋಳಿಕ ಗುರುತು) ಮಹಾರಾಷ್ಟ್ರದ ನಾಕು, ಕರ್ನಾಟಕದ ನಾಕು ಜಿಲ್ಲಾಕ್ಕ ಐತಿ. ಬೆಳಗಾವಿ, ಬಾಗಲಕೋಟಿ, ವಿಜಯಪುರ ಮೂರೂ ಅದರಾಗ ಅದಾವು. ಅಥಣಿ ಹೆಸರು ಎತ್ತಿದವರು ಕಡಿಮಿ.

ಗುಮ್ಮಟದ_ಏಳನೇ_ದನಿ
ಬಂತಪಾ ಚಪ್ಪಲಿ. ಅದು ಬಂದ ಮ್ಯಾಲೆ ಎಚ್‌ಎಂಟಿ ಗಡಿಯಾರನೂ ಬರ್ಲಿ. ಆನ್‌ಲೈನ್‌ನಾಗ ಹಳೇ ಜನತಾ ಗಡಿಯಾರ ತಗೋಳ್ಳೋರು ಒಂದು ಲಕ್ಷ್ಯದಾಗ ಇಡ್ರಿ: ತಿಳಿ ನೀಲಿ, ಕೇಸರಿ, ಎರಡು ಬಣ್ಣದ ಡಯಲ್ ಹೊಳೀತಿದ್ರ ಬಹುತೇಕ ಹೊಸಾ ಬಣ್ಣ ಬಳದದ್ದು. ಭೂತಗನ್ನಡಿಯೊಳಗ ಅಕ್ಷರದ ಅಂಚು ಹರಡಿದ್ದು ಕಾಣ್ತೈತಿ. ಹಿಂದಿನ ಮುಚ್ಚಳ ತಗದ ಫೋಟೋ ಕೊಡದವರ ಹತ್ರ ತಗೋಬ್ಯಾಡ್ರಿ.

ನಿಯಂತ್ರಕ
ಚಪ್ಪಲಿಗೂ ಗಡಿಯಾರಕ್ಕೂ ಬೇರೆ ಎಳೆ ತೆರೆಯಿರಿ. ಫ್ರಾಕಿನ ಬಗ್ಗೆ ತಿಳಿದವರು ಬರೆಯಲಿ.

ಹಳೇಜಿಪ್
ಫ್ರಾಕಿನ ಕಾಲ ಗೊತ್ತುಮಾಡಲು ಮೊದಲು ಜಿಪ್ ನೋಡಿ. ಲೋಹದ ಹಲ್ಲಿನ ಜಿಪ್ ಪಕ್ಕೆಯಲ್ಲಿದ್ದರೆ 1940-50ರ ದಶಕದ ಕಡೆಗೆ ವಾಲುತ್ತದೆ. ನೈಲಾನ್ ಸುರುಳಿಯ ಜಿಪ್ ಸಾಮಾನ್ಯವಾದದ್ದು 1960ರ ದಶಕದಲ್ಲಿ. ಆದರೆ ಜಿಪ್ ಕೆಟ್ಟರೆ ಬದಲಿಸುತ್ತಾರೆ. ಹಾಗಾಗಿ ಜಿಪ್ಪಿನ ಹೊಲಿಗೆ ದಾರ ಉಳಿದ ಹೊಲಿಗೆಯ ದಾರದಂತೆಯೇ ಇದೆಯೇ, ಪಕ್ಕದಲ್ಲಿ ಖಾಲಿ ಸೂಜಿ ತೂತುಗಳಿವೆಯೇ ನೋಡಬೇಕು.

ಎರಡನೆಯದು ಲೇಬಲ್. ಉಣ್ಣೆಯ ವುಲ್‌ಮಾರ್ಕ್ ಗುರುತು ಬಂದದ್ದು 1964ರಲ್ಲಿ, ಅದಿದ್ದರೆ ಬಟ್ಟೆ ಅದಕ್ಕಿಂತ ಹಿಂದಿನದಲ್ಲ. ಬ್ರಿಟನ್ನಿನ ಸಿಸಿ41 ಗುರುತು (ಯುದ್ಧಕಾಲದ ರೇಷನ್ ಬಟ್ಟೆಯದು) 1941ರಿಂದ 1952ರವರೆಗಿನದು. ಒಗೆಯುವ ವಿಧಾನ ಹೇಳುವ ಖಾಯಂ ಲೇಬಲ್ ಅಮೆರಿಕದಲ್ಲಿ ಕಡ್ಡಾಯವಾದದ್ದು 1972ರಲ್ಲಿ. ‘1960ರ ಅಮೆರಿಕನ್ ಫ್ರಾಕ್’ ಎಂದ ಮೇಲೆ ಒಳಗೆ ಅಂಥ ಲೇಬಲ್ ಹೊಲಿದಿದ್ದರೆ ಅನುಮಾನಿಸಿ.

ದೊಡ್ಡ ಹೆಸರಿನ ಲೇಬಲ್ ಕಂಡ ಕೂಡಲೇ ಬೆಲೆ ಏರಿಸಬೇಡಿ. ಫ್ರಾನ್ಸಿನ ವಸ್ತ್ರವಿನ್ಯಾಸಕ ಪಿಯರ್ ಕಾರ್ಡಿನ್ ಹೆಸರು ಪರವಾನಗಿಯ ಮೇಲೆ ಟೈ, ಪೆನ್ನು, ಟವೆಲ್‌ವರೆಗೂ ಬಳಕೆಯಾಗಿದೆ. ಲೇಬಲ್ ಕಿತ್ತು ಬೇರೆ ಬಟ್ಟೆಗೆ ಹೊಲಿಯುವುದೂ ಉಂಟು. ಲೇಬಲ್ ನಾಲ್ಕೂ ಅಂಚಿನ ಹೊಲಿಗೆ ಒಳಪದರವನ್ನು ಮಾತ್ರ ಹಿಡಿದಿದೆಯೋ ಹೊರಬಟ್ಟೆಗೂ ತೂರಿದೆಯೋ ನೋಡಿ. ಹೊರಗೆ ತೂರಿದ್ದರೆ ಅವಸರದ ಕೈ.

ಟಿಳಕವಾಡಿ_ಕುಂದಾ
ಸೈಜ್ 14 ಅಂತ ಹಾಕ್ಯಾರ. ಮನಿಯೊಳಗ ಯಾರಿಗಾದ್ರೂ ಬರಬಹುದೇನ್ರಿ?

ಹಳೇಜಿಪ್
ಆ 14 ಇಂದಿನ 14 ಅಲ್ಲ. ಹಳೆಯ ಸಂಖ್ಯೆಗಳು ಇಂದಿನವಕ್ಕಿಂತ ಸಣ್ಣ ಮೈಗೆ. ಬಟ್ಟೆ ನೆಲದ ಮೇಲೆ ಹರಡಿ, ಕಂಕುಳಿಂದ ಕಂಕುಳಿಗೆ, ಸೊಂಟ, ನಿತಂಬ, ಭುಜದ ಅಗಲ ಇಂಚಿನಲ್ಲಿ ಕೇಳಿ. ಭುಜ ಬಿಟ್ಟು ಉಳಿದವನ್ನು ಎರಡರಿಂದ ಗುಣಿಸಿ, ಉಸಿರಾಡಲು 2 ಇಂಚು ಕಳೆಯಿರಿ. ಅಷ್ಟು ಮೈಯಿದ್ದವರಿಗೆ ಬರುತ್ತದೆ.

ಕಂಕುಳು ಮಾತ್ರ ಮರೆಯಬೇಡಿ. ಬೆವರಿನಿಂದ ರೇಷ್ಮೆ ಅಲ್ಲಿ ಕೊಳೆತಿರುತ್ತದೆ. ಕಣ್ಣಿಗೆ ಬರಿ ಹಳದಿ ಕಲೆ, ಒಗೆದರೆ ಕೈಗೆ ಬರುತ್ತದೆ. ಕಿಟಕಿಯ ಬೆಳಕಿಗೆ ಹಿಡಿದ ಫೋಟೋ ಕೇಳಿ, ನುಸಿ ತಿಂದದ್ದೂ ತೆಳುವಾದದ್ದೂ ಒಟ್ಟಿಗೆ ಕಾಣುತ್ತದೆ.

ಮಲಪ್ರಭಾ_ದಂಡಿ
ಲಂಡನ್‌ನ ಕೆರಿ ಟೇಲರ್‌ನಂಥಾ ಬಟ್ಟಿ ಹರಾಜಿನಿಂದ ನೇರ ತರಸಬಹುದೇನು?

ಕಾನೂನು_ಕಾಕಾ
ತೊಟ್ಟು ಬಿಟ್ಟ ಬಟ್ಟೆಯ ಆಮದು ನಮ್ಮಲ್ಲಿ ನಿರ್ಬಂಧಿತ, ಪರವಾನಗಿ ಬೇಕು. ‘ಒಂದೇ ಫ್ರಾಕು ತಾನೇ’ ಅಂತ ಕೊರಿಯರ್‌ನಲ್ಲಿ ತರಿಸಿದರೆ ಕಸ್ಟಮ್ಸ್‌ನಲ್ಲಿ ಸಿಕ್ಕಿಹಾಕಿಕೊಳ್ಳಬಹುದು. ಸವಾಲಿಗೆ ಮೊದಲೇ ಕಸ್ಟಮ್ಸ್ ಏಜೆಂಟರನ್ನು ಕೇಳಿ. ಗೆದ್ದ ಮೇಲೆ ಕೇಳಿದರೆ ಹಣ ಕಟ್ಟಲೇಬೇಕು, ಬಟ್ಟೆ ಮಾತ್ರ ಬರಲಿಕ್ಕಿಲ್ಲ.

ಬನಶಂಕರಿ_ಜಾತ್ರಿ
ಸೀರಿ ಬಂದ ಮ್ಯಾಲೆ ಟ್ರಂಕಿನ್ಯಾಗ ಡಾಂಬರ್ ಗುಳಿಗಿ ಹಾಕಿ ಇಟ್ರ ಆತು.

ಟೋಪತೆನಿ
ಹಾಕಬ್ಯಾಡ್ರಿ. ವಾಸನಿ ಹೋಗೂದಿಲ್ಲ, ಟಿಕಳಿ, ಪ್ಲಾಸ್ಟಿಕ್ ಗುಂಡಿ ಇದ್ರ ಮೆತ್ತಗಾಗಿ ಅಂಟ್ತಾವು. ನುಸಿ ಅನುಮಾನ ಇದ್ರ ಸೀರಿನ ಪ್ಲಾಸ್ಟಿಕ್ ಚೀಲದಾಗ ಗಾಳಿ ತಗದು ಕಟ್ಟಿ, ಮೈನಸ್ 18 ಡಿಗ್ರಿಯ ಫ್ರೀಜರಿನ್ಯಾಗ ಎರಡು ವಾರ ಇಡ್ರಿ. ತಗದ ಮ್ಯಾಲೆ ಒಂದು ದಿನ ಚೀಲ ಬಿಚ್ಚಬ್ಯಾಡ್ರಿ, ಬಿಚ್ಚಿದ್ರ ಬಟ್ಟಿ ಮ್ಯಾಲೆ ನೀರು ಕೂಡ್ತೈತಿ. ಆಮ್ಯಾಲೆ ಒಗದ ಮಾದರಪಾಟ ಬಟ್ಟಿಯೊಳಗ ಸುತ್ತಿ ಇಡ್ರಿ, ಮೂರು-ನಾಕು ತಿಂಗಳಿಗೊಮ್ಮಿ ಮಡಿಕಿ ಬದಲಿಸ್ರಿ. ಹಳೇ ರೇಷ್ಮಿ ಹರಿಯೋದು ಮಡಿಕಿ ಗೆರಿಯೊಳಗನ. ಮಡಿಕಿಗುಂಟ ಬ್ಲೇಡ್ ಎಳದಂಗ ಸೀಳಿದ್ರ ಅದಕ್ಕ ರಿಪೇರಿ ಇಲ್ಲ. ಇನ್ನೊಂದು ಮಡಿಕಿ ಹಾಕಿದ್ರ ಇನ್ನೊಂದು ಸೀಳು.

ಒಗಿಯೂದಿದ್ರ ಅಂಟುವಾಳ ಕಾಯಿ ನೀರು, ತಣ್ಣಗ. ಹಿಂಡಬ್ಯಾಡ್ರಿ, ಟಾವೆಲ್‌ನಾಗ ಸುತ್ತಿ ಒತ್ರಿ.

ಖಡೇಬಜಾರ್
ಗಂಟಿನ ಲಾಟಿಗೆ ಬೆಲಿ ಕಟ್ಟೋದು ಹಿಂಗ: ನಿಮಗ ಬೇಕಾದ ಎರಡು ವಸ್ತುವಿಗೆ ಮಾತ್ರ ಬೆಲಿ ಹಾಕ್ರಿ, ಉಳದದ್ದಕ್ಕ ಸೊನ್ನಿ. ‘ಹನ್ನೊಂದು ವಸ್ತು, ತಲಾ ಇಷ್ಟ ಬೀಳ್ತೈತಿ’ ಅಂತ ಭಾಗಿಸಿದವರು ಹತ್ತು ಕಸ ಮನಿಗೆ ತರ್ತಾರ.

ಕೂತು ಕೂಗಾಕ ಆಗಲಿಲ್ಲ ಅಂದ್ರ ಆಬ್ಸೆಂಟಿ ಬಿಡ್ ಬರದು ಕೊಡ್ರಿ. ನಿಮ್ಮ ಪರವಾಗಿ ಕಂಪನಿಯವರೇ ಬೇಕಾದಷ್ಟಕ್ಕ ಮಾತ್ರ ಏರಿಸ್ತಾರ. ಎಲ್ಲಾರೂ 12,000, 15,000 ಅಂತ ದುಂಡನೆ ಅಂಕಿಗೆ ನಿಲ್ತಾರ. ಅದಕ್ಕ ಮ್ಯಾಲಿನ ಮೆಟ್ಟಲಕ್ಕ ಹಾಕ್ರಿ. ಮೆಟ್ಟಲು ಸಾಮಾನ್ಯವಾಗಿ 10%ದ ಹತ್ರ ಇರ್ತೈತಿ.

ಟಿಳಕವಾಡಿ_ಕುಂದಾ
ಕಂಪನಿಯಿಂದ ಕಂಡೀಷನ್ ರಿಪೋರ್ಟ್, ಫೋಟೋ ಬಂದ್ವು. ಕುರ್ಚಿ ತಳದಾಗ ಎಲ್ಲಾ ಪ್ಲಸ್ ಸ್ಕ್ರೂ, ಬೆತ್ತಕ್ಕ ಗಾಡಿ. ಕೈ ಮುಗದೆ. ಸೀರಿ ನಾಕರಾಗ ಎರಡಕ್ಕ ಕುಣಿಕಿ ಸಾಲು ಸ್ಪಷ್ಟ ಐತಿ, ಒಂದಕ್ಕ ಗೆರಿನೇ ಇಲ್ಲ, ಇನ್ನೊಂದು ಮಡಿಕಿಗುಂಟ ಸೀಳಿದ್ದು. ಫ್ರಾಕಿನ ಕಂಕುಳು ಹಳದಿ. ಎರಡು ಸೀರಿ ಲೆಕ್ಕದಾಗ 13,000ಕ್ಕ ಆಬ್ಸೆಂಟಿ ಬಿಡ್ ಹಾಕ್ತೇನಿ. ಪ್ರೀಮಿಯಂ 20%, ಒಟ್ಟಿನ ಮ್ಯಾಲೆ ಜಿಎಸ್‌ಟಿ 18% ಹಿಡದ್ರೂ ಬಿಲ್ಲು 18,408, ಪಾರ್ಸಲ್ ಬ್ಯಾರೆ.

ಟೋಪತೆನಿ
ಸೀಳಿದ ಸೀರಿ ಸೆರಗು ಚಲೋ ಇದ್ರ ಒಗೀಬ್ಯಾಡ್ರಿ, ಹಲಗಿ ಮ್ಯಾಲೆ ಹೊಲದು ಚೌಕಟ್ಟು ಹಾಕಿಸ್ರಿ. ಗಾಜು ಬಟ್ಟಿಗೆ ತಾಗಬಾರದು.

ಗುಮ್ಮಟದ_ಏಳನೇ_ದನಿ
ಹಂಗಾದ್ರ ಆ ಪ್ಲಸ್ ಸ್ಕ್ರೂ ಕುರ್ಚಿಗೆ ನಾನು 15,000 ಕೂಗ್ತೇನಿ. ನಕಲಿ ಆದ್ರೂ ಸಾಗವಾನಿ ಸಾಗವಾನಿನೇ.

ಒರಲಿಹುಳ
ಸಾಗವಾನಿ ಅಂತ ಯಾರು ಹೇಳಿದ್ರು? ತಳದ ಫೋಟೋ ಇಲ್ಲಿ ಹಾಕ್ರಿ ಮೊದಲು.